ಒಂದೇ ಒಲೆಯ ಕಿವಿ

ಪಾರ್ಸಲ್ಲಿನ ಮೇಲಿನ ಕಾಗದವನ್ನು ನಾನಿನ್ನೂ ಅರ್ಧ ಕೂಡ ಹರಿದಿರಲಿಲ್ಲ, ಅಡುಗೆಮನೆಯಿಂದ ದಾನಮ್ಮ ಕೂಗಿದಳು: "ಎಷ್ಟ ಸಪ್ಪಳ ಮಾಡ್ತೀರಿ? ಕಾಗದ ಹರಿಯಾಕತ್ತೀರೋ, ಮನಿ ಕೆಡವಾಕತ್ತೀರೋ?"

ನಾನು ಕೂತಿದ್ದು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಅವಳಿಗೂ ನನಗೂ ನಡುವೆ ಎರಡು ಗೋಡೆ, ಒಂದು ಪಡಸಾಲೆ, ಚಿಲಕ ಹಾಕಿದ ಬಾಗಿಲು. ಆದರೆ ನಮ್ಮೂರಲ್ಲಿ ಗೋಡೆಗಳಿರುವುದು ಗಾಳಿ ಬಿಸಿಲು ತಡೆಯುವುದಕ್ಕೆ ಮಾತ್ರ. ಒಂದೇ ಒಲೆಯ ಮೇಲೆ ಬೆಂದದ್ದನ್ನು ಉಂಡವರಿಗೆಲ್ಲ ಒಂದೇ ಕಿವಿ. ನಾನು ಕೇಳಿದ್ದು ಅವಳಿಗೆ, ಅವಳು ಕೇಳಿದ್ದು ನನಗೆ. ಮನೆಯಲ್ಲಿ ಹತ್ತು ಜನ ಇದ್ದರೆ ಹತ್ತು ಜನ ಕೇಳಿದ್ದೂ ಹತ್ತು ಜನಕ್ಕೆ. ಬೇರೆ ಒಲೆಯ ಅನ್ನ ಹೊಟ್ಟೆಗೆ ಬೀಳುವ ತನಕ ಇದು ಹೀಗೆಯೇ. ಚಹಾಕ್ಕೆ, ಬಾಳೆಹಣ್ಣಿಗೆ, ನೆನೆಸಿದ ಕಡಲೆಗೆ ಈ ಲೆಕ್ಕವಿಲ್ಲ. ಬೆಂದ ಧಾನ್ಯ ಇರಬೇಕು, ಅನ್ನವೋ ರೊಟ್ಟಿಯೋ.

ಅದಕ್ಕೇ ನಮ್ಮೂರಲ್ಲಿ ಯಾರೇ ಎದುರಾಗಲಿ, ಮೊದಲ ಮಾತು "ಊಟ ಆತೇನ್ರಿ?" ಎಂದು. ಎರಡನೆಯದು "ಎಲ್ಲಿ?" ಎಂದು. ಎಲ್ಲಿ ಎಂದು ಗೊತ್ತಾದ ಮೇಲೆಯೇ ಏನು ಹೇಳಬೇಕು, ಏನು ನುಂಗಬೇಕು ಎಂದು ಜನ ತೀರ್ಮಾನ ಮಾಡುವುದು. ಲಗ್ನದ ಊಟ ಮುಗಿದ ಕೂಡಲೇ ನೆಂಟರು ಕೈತೊಳೆದು ಮನೆಗೆ ಓಡಿ, ಒಂದು ತುತ್ತು ಮನೆಯ ಅನ್ನ ಬಾಯಿಗೆ ಹಾಕಿಕೊಳ್ಳುತ್ತಾರೆ. ಇಲ್ಲದಿದ್ದರೆ ಮುನ್ನೂರು ಜನರ ತೇಗು ಕೇಳುತ್ತ ಕೂರಬೇಕು. ಪರೀಕ್ಷೆಯ ದಿನ ಸಾಲಿಯ ಅಂಗಳದಲ್ಲಿ ಹುಡುಗರೆಲ್ಲ ತಮ್ಮ ತಮ್ಮ ಮೂರು ಕಲ್ಲಿನ ಒಲೆಯ ಮೇಲೆ ತಾವೇ ಗಂಜಿ ಬೇಯಿಸಿಕೊಂಡು ಕುಡಿದು ಒಳಗೆ ಹೋಗಬೇಕು, ಮನೆಯಲ್ಲಿ ಕೂತು ಅಪ್ಪ ಪುಸ್ತಕ ಓದಿ ಹೇಳಬಾರದೆಂದು. ಆ ಹೊಗೆಗೆ ಕಣ್ಣು ಉರಿದು ಎಷ್ಟೋ ಜಾಣ ಹುಡುಗರು ಫೇಲಾಗಿದ್ದಾರೆ. ಒಮ್ಮೆ ಹೊರಗಿನಿಂದ ಒಬ್ಬ ಕಿವಿ ಡಾಕ್ಟರು ಬಂದು ಪೇಟೆಯಲ್ಲಿ ದವಾಖಾನೆ ತೆರೆದ. ನಮ್ಮೂರಲ್ಲಿ ಯಾರಿಗೂ ಕಿವುಡಿಲ್ಲ. ಆತ ಒಂದಷ್ಟು ದಿನ ನೊಣ ಹೊಡೆದು ಗಂಟು ಕಟ್ಟಿದ. ನಮ್ಮ ಕಿವಿಗಳು ಅಷ್ಟು ಗಟ್ಟಿ ಎಂದು ನಾವೆಲ್ಲ ಎದೆಯುಬ್ಬಿಸಿಕೊಂಡಿದ್ದೆವು.

ನನ್ನ ಹೆಸರು ಗುರುಪಾದಪ್ಪ. ಕೆಲಸ ಮಾಡಿದ್ದೆಲ್ಲ ಬಸ್‌ಸ್ಟ್ಯಾಂಡಿನಲ್ಲಿ, ಕಂಟ್ರೋಲರ್ ಆಗಿ. ಆ ಗೂಡಿನಂಥ ಕೋಣೆಯಲ್ಲಿ ಕೂತು, ಬಂದ ಬಸ್ಸು ಹೋದ ಬಸ್ಸು ಎಂದು ಮೈಕಿನಲ್ಲಿ ಕೂಗಿ ಕೂಗಿ ಆಯುಷ್ಯ ಸವೆಯಿತು. ನನಗೊಬ್ಬನಿಗೇ ಆ ಹಾರ್ನಿನ ಕಾಟ ಆಗಿದ್ದರೆ ಹಣೆಬರಹ ಅನ್ನಬಹುದಿತ್ತು. ಆದರೆ ಮನೆಯಲ್ಲಿ ನನ್ನ ಅವ್ವ ಜಪಮಣಿ ಹಿಡಿದು ಕೂತರೆ ದೇವರ ನಾಮದ ನಡುವೆ ಬಸ್ಸಿನ ಹೆಸರುಗಳು ಬರುತ್ತಿದ್ದವು. ಮಗಳು ಮಾದೇವಿ ಮಗ್ಗಿ ಹೇಳುವಾಗ ಕಂಡಕ್ಟರರ ಬೈಗುಳವನ್ನೂ ಸೇರಿಸಿಯೇ ಕಲಿತಳು. ದಾನಮ್ಮನಂತೂ ಹಾರ್ನು ಕೇಳಿಯೇ ಯಾವ ಊರ ಬಸ್ಸು, ಎಷ್ಟು ತಡ ಎಂದು ಹೇಳುತ್ತಿದ್ದಳು. ಸಂಜೆ ನಾನು ಮನೆಗೆ ಬಂದರೆ ಮೂವರೂ ನನ್ನನ್ನು ಬಸ್ಸಿಗೆ ಕೈ ಅಡ್ಡ ಹಾಕಿದವನನ್ನು ನೋಡುವ ಹಾಗೆ ನೋಡುತ್ತಿದ್ದರು. ತಪ್ಪು ನನ್ನದೇನು? ನನಗೂ ಇಡೀ ದಿನ ಅವ್ವನ ಜಪ, ಮಗಳ ಮಗ್ಗಿ, ಒಗ್ಗರಣೆಯ ಚಟಪಟ ಕೇಳಿ ಕೇಳಿ ತಲೆ ಗಿರ್ರೆನ್ನುತ್ತಿತ್ತು.

ಅವ್ವ ತೀರಿಕೊಂಡಳು. ನಾನು ನಿವೃತ್ತನಾದೆ. ಮಾದೇವಿಯ ಲಗ್ನವಾಗಿ, ಗಂಡನ ಮನೆಯ ಒಲೆಯ ಅನ್ನ ಉಂಡಳು, ಅಲ್ಲಿಗೆ ಅವಳ ಕಿವಿ ನಮ್ಮ ಮನೆಯಿಂದ ಹೋಯಿತು. ಉಳಿದವರು ನಾವಿಬ್ಬರೇ. ಮನೆ ಎಷ್ಟು ತಣ್ಣಗಾಯಿತೆಂದರೆ, ಪೇಟೆಗೆ ಹೋದಾಗ ಮನೆಯ ಕಡೆಯಿಂದ ಒಂದೇ ಒಂದು ಸದ್ದೂ ನನಗೆ ಕೇಳುತ್ತಿರಲಿಲ್ಲ. ಒಬ್ಬಳೇ ಕೂತ ಹೆಂಗಸಿನ ಮನೆಯಲ್ಲಿ ಸದ್ದು ಎಲ್ಲಿಂದ ಬರಬೇಕು ಎಂದುಕೊಂಡೆ. ಆಗಲೇ ನನಗೆ ಆಸೆ ಹುಟ್ಟಿದ್ದು. ಜೀವಮಾನವಿಡೀ ಹಾರ್ನು ಕೇಳಿದ ಈ ಕಿವಿಗೆ ಒಮ್ಮೆಯಾದರೂ ಒಳ್ಳೆಯ ಹಾಡನ್ನು, ಅದರ ಒಂದು ಎಳೆಯೂ ತಪ್ಪದಂತೆ ಕೇಳಿಸಬೇಕು ಎಂದು. ಪೇಟೆಯ ಮೊಬೈಲ್ ಅಂಗಡಿಯವನು ಇಯರ್‌ಫೋನಿನ ಫೋಟೋ ತೋರಿಸಿ, "ಕಾಕಾ, ಇದು ದೊಡ್ಡ ದೊಡ್ಡ ಹಾಡುಗಾರರು ಹಾಕ್ಕೊಳ್ಳೂ ಮಾಲು, ಇದಕಿಂತ ಮ್ಯಾಲ ಇಲ್ಲ" ಎಂದ. ತರಿಸಿದೆ. ನನಗಾಗಿ ನಾನು ಕೊಂಡ ದೊಡ್ಡ ವಸ್ತು ಅದೊಂದೇ.

ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಮಖಮಲ್ಲು, ಮಖಮಲ್ಲಿನೊಳಗೆ ಮಾವಿನ ಮಿಡಿಯಷ್ಟು ದೊಡ್ಡ ಎರಡು ಕರಿಯ ಗುಂಡುಗಳು. ಜಡೆಯ ಹಾಗೆ ಹೆಣೆದ ತಂತಿ. ಅದನ್ನು ಕಿವಿಯ ಹಿಂದಿನಿಂದ ಸುತ್ತಿ ತರಬೇಕಂತೆ. ಜೊತೆಗೆ ಸಣ್ಣದು ದೊಡ್ಡದು ರಬ್ಬರಿನ ಟೊಪ್ಪಿಗೆಗಳ ಒಂದು ಸಂತೆಯೇ ಇತ್ತು. ಅವುಗಳಲ್ಲಿ ಕೆಲವು ಸ್ಪಂಜಿನವು. ಬೆರಳಲ್ಲಿ ಹಿಚುಕಿ ಕಿವಿಯೊಳಗೆ ತುರುಕಿದರೆ ಮೆಲ್ಲಗೆ ಉಬ್ಬಿಕೊಂಡು ಕಿವಿಯನ್ನು ಬೂಚು ಹಾಕಿದ ಬಾಟ್ಲಿ ಮಾಡಿಬಿಡುತ್ತವೆ. ಕಿವಿಗೆ ಸರಿಯಾಗಿ ಕೂತರೆ ಹೊರಗಿನ ಸದ್ದು ಒಳಗೆ ಬರಲೇಬಾರದು, ಎರಡೂ ಕಿವಿಗೆ ಸಮನಾಗಿ ಕೂರದಿದ್ದರೆ ಇದನ್ನು ಕೊಂಡು ಪ್ರಯೋಜನವಿಲ್ಲ ಎಂದು ಅದರ ಚೀಟಿಯಲ್ಲಿ ಬರೆದಿತ್ತು. ನಾನು ಒಂದೊಂದೇ ಟೊಪ್ಪಿಗೆ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು. ದೇವರು ನನ್ನ ಕಿವಿಗಳನ್ನು ಮಾಡುವಾಗ ಗಡಿಬಿಡಿಯಲ್ಲಿದ್ದಿರಬೇಕು.

"ಕಿವ್ಯಾಗ ಏನ್ ಅದು ಬರ‍್ರ್ ಬರ‍್ರ್ ಅಂತ ತಿಕ್ಕಾಕತ್ತೀರಿ?" ಒಳಗಿನಿಂದ ಅವಳು. "ನನಗ ಮೈ ಜುಮ್ಮ ಅಂತೈತಿ."

"ಸ್ವಲ್ಪ ತಡಕೋ ಮಾರಾಯ್ತಿ."

ಕೊನೆಗೂ ಕೂತಿತು. ಹಳೆಯ ಗಾಯಕಿಯೊಬ್ಬರ ಭೀಮಪಲಾಸಿ ರಾಗ ಹಾಕಿದೆ. ತಂಬೂರಿ ಶುರುವಾಯಿತು ನೋಡಿ, ನನ್ನ ತಲೆಯೊಳಗೇ ಯಾರೋ ಜಮಖಾನೆ ಹಾಸಿ ಕೂತ ಹಾಗಾಯಿತು. ಎಡಗಡೆ ತಬಲಾ, ಬಲಗಡೆ ಹಾರ್ಮೋನಿಯಂ, ನಡುವೆ ಆಕೆ. ಆಕೆ ಹಾಡುವ ಮುಂಚೆ ಉಸಿರು ಎಳೆದುಕೊಂಡದ್ದು ಕೇಳಿತು. ಬಳೆ ಒಂದಕ್ಕೊಂದು ತಾಗಿದ್ದು ಕೇಳಿತು. ನನ್ನ ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು.

"ಏನ್ರೀ! ಏನ್ರೀ!" ದಾನಮ್ಮ ಹಿತ್ತಲ ಬಾಗಿಲಿಗೇ ಬಂದು ನಿಂತಿದ್ದಳು, ಕೈಯಲ್ಲಿ ಸೌಟು. ನಾನು ಒಂದು ಗುಂಡು ಕಿತ್ತೆ. "ತಗೀರಿ ಅದನ್ನ. ಕಿವಿಗೆ ಬೂಚು ಹೊಡದಂಗ ಆಗೈತಿ. ಒಲಿ ಮ್ಯಾಲ ಕುಕ್ಕರ ಇಟ್ಟೀನಿ, ಸೀಟಿ ಹೊಡೀತೋ ಇಲ್ಲೋ ತಿಳೀವಲ್ದು."

"ನನ್ನ ಕಿವಿಗೆ ಬೂಚು ಹಾಕಿದ್ರ ನಿನಗೇನು? ನಿನಗ ನಿನ್ನ ಕಿವಿ ಇಲ್ಲೇನು?"

ಅವಳು ಸೌಟನ್ನು ಸೆರಗಿನ ತುದಿಯಿಂದ ಒರೆಸಿದಳು, ಒಳಗೆ ಹೋದಳು. ನಾನು ಗೆದ್ದೆ ಎಂದುಕೊಂಡೆ.

ಗೆದ್ದದ್ದು ಅಷ್ಟೊತ್ತು ಮಾತ್ರ. ಮರುದಿನ ಶುರುವಾಯಿತು ನಿಜವಾದ ಕಾಟ. ನಾನು ಗುಂಡು ಕಿವಿಗಿಟ್ಟರೆ ಸಾಕು, ಅವಳಿಗೆ ಏನಾದರೊಂದು ಬೇಕಾಗುತ್ತಿತ್ತು. "ತರಕಾರಿಯವನು ಬಂದಾನೇನು ನೋಡ್ರಿ." "ಹಾಲಿನವನ ಗಂಟಿ ಕೇಳಸ್ತದೇನು, ಸ್ವಲ್ಪ ಕಟ್ಟಿ ಮ್ಯಾಲ ಕೂಡ್ರಿ." ಇದು ಹೊಸದೇನಲ್ಲ. ಮಗಳು ಹೋದಾಗಿನಿಂದ ಅವಳು ನನ್ನನ್ನು ರೇಡಿಯೋ ಸೆಟ್ಟಿನ ಹಾಗೆ ಎತ್ತಿ ಎತ್ತಿ ಇಡುತ್ತಿದ್ದಳು. ಬೆಳಿಗ್ಗೆ ಬೀದಿ ಕಟ್ಟೆ, ನೀರು ಬಂದಾಗ ನಳದ ಹತ್ತಿರ, ಮಧ್ಯಾಹ್ನ ಪಕ್ಕದ ಮನೆಯ ಕಲ್ಲವ್ವ ಮಾತಾಡುವ ಕಿಟಕಿಯ ಕೆಳಗೆ. ಹೆಂಗಸರ ಹರಟೆ ಕೇಳುವ ಚಪಲ, ತಾನು ಹೋಗುವುದಕ್ಕೆ ಸಂಕೋಚ, ಅದಕ್ಕೆ ನನ್ನನ್ನು ಕೂರಿಸುತ್ತಾಳೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಇನ್ನೊಂದು ಚಾಳಿ ಊಟದ್ದು. ಎಲ್ಲಿಗೇ ಹೊರಡಲಿ, ಬಾಗಿಲಿಗೆ ಅಡ್ಡ ನಿಂತು "ಉಂಡ ಹೋಗ್ರಿ" ಎನ್ನುವಳು. ಹಸಿವಿಲ್ಲ ಎಂದರೂ ಬಿಡುತ್ತಿರಲಿಲ್ಲ. "ಒಂದ ತುತ್ತಾದ್ರೂ" ಎಂದು ರೊಟ್ಟಿಯ ಚೂರು ಹಿಡಿದು ಬೀದಿಯ ತನಕ ಬರುತ್ತಿದ್ದಳು. ಜನ ನೋಡಿ ನಗುತ್ತಿದ್ದರು.

ಹಾಡಿನ ಬಗ್ಗೆಯೂ ಅವಳದು ಒಂದು ಅಭಿಪ್ರಾಯ ಇದ್ದೇ ಇರುತ್ತಿತ್ತು. "ಆಕಿಗೆ ದಮ್ಮ ಐತೇನು, ಹಂಗ್ಯಾಕ ಉಸರು ಎಳೀತಾಳ?" "ತಬಲಾ ಬಾರಸಾಂವ ಚೊಲೊ ಅದಾನ, ಪೆಟ್ಟಿಯವನು ನಿದ್ದಿ ಹೊಡೀತಾನ." ಹೌದು, ಹಾರ್ಮೋನಿಯಂ ಪೆಟ್ಟಿಯವನು ಅಲ್ಲಲ್ಲಿ ಹಿಂದೆ ಬೀಳುತ್ತಿದ್ದ. ಅವಳು ಹೇಳುವ ತನಕ ನನಗೆ ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ಅದೊಂದೇ ಕೇಳತೊಡಗಿತು. ಹೀಗೆ ಇಷ್ಟು ದೊಡ್ಡ ವಸ್ತು ತರಿಸಿಯೂ ನನ್ನ ಹಾಡು ನನ್ನದಾಗಲಿಲ್ಲ. ಹಂಚಿ ತಿನ್ನಬೇಕಾದ್ದು ಪ್ರಸಾದ, ಹೌದು. ಎಲ್ಲವನ್ನೂ ಹಂಚಿದರೆ ನನಗೇನು ಉಳಿಯಿತು?

ಒಂದು ದಿನ ತಲೆ ಕೆಟ್ಟು, "ಇವತ್ತು ನನಗ ಊಟ ಬ್ಯಾಡ, ಖಾನಾವಳಿಗೆ ಹೋಗ್ತೀನಿ" ಎಂದೆ. ದಾನಮ್ಮನ ಮುಖ ಇಳಿಯಿತು. "ಖಾನಾವಳಿ ಯಾಕ? ನಾ ಮಾಡಿದ್ದರಾಗ ಉಪ್ಪಿಲ್ಲೇನು?" ನಾನು ಚಪ್ಪಲಿ ಮೆಟ್ಟಿದೆ. ಎಂದಿನಂತೆ ರೊಟ್ಟಿಯ ಚೂರು ಹಿಡಿದು ಬೀದಿಗೆ ಬಂದಳು. ನಾನು ತಿರುಗಿ ನೋಡಲಿಲ್ಲ.

ರುದ್ರವ್ವನ ಖಾನಾವಳಿಯ ಎಣ್ಣೆಗಾಯಿ ಪಲ್ಯ ಊರಿಗೇ ಹೆಸರುವಾಸಿ. ಗಡದ್ದಾಗಿ ಉಂಡು, ಕೆರೆ ದಂಡೆಯ ಬೇವಿನ ಮರದ ಕೆಳಗೆ ಕೂತು, ಗುಂಡುಗಳನ್ನು ಕಿವಿಗೆ ತಿರುಪಿ, ಕಣ್ಣು ಮುಚ್ಚಿದೆ. ನನ್ನ ಬುದ್ಧಿಗೆ ಮಣ್ಣು ಬೀಳಲಿ. ಒಲೆ ಬಿಟ್ಟು ಒಲೆ ಹಿಡಿದೆನೇ ಹೊರತು, ಆ ಒಲೆಯಲ್ಲಿ ಇನ್ನೆಷ್ಟು ಜನ ಉಂಡಿರುತ್ತಾರೆ ಎಂದು ಯೋಚಿಸಲಿಲ್ಲ. ತಂಬೂರಿಯ ಜೊತೆಗೇ ಯಾರದೋ ಗರಗಸ, ಯಾರದೋ ಟೈಪಿಂಗು, ಒಬ್ಬನ ಹಲ್ಲಿನ ಡಾಕ್ಟರು, ಇನ್ನೊಬ್ಬನ ಸಾಲಗಾರ, ಎಲ್ಲ ಬಂದು ತಲೆಯೊಳಗಿನ ಜಮಖಾನೆಯ ಮೇಲೆ ಕೂತವು. ಅವರಿಗಾದರೂ ನೆಮ್ಮದಿಯೇ? ಸಾಲಿಯ ಕೋರಿ ಮಾಸ್ತರರು ಪಾಠದ ನಡುವೆ ಮೇಜಿನ ಮೇಲೆ ತಾಳ ಹಾಕತೊಡಗಿದರಂತೆ. ಸ್ವಲ್ಪ ಹೊತ್ತಿಗೆ ಸಿಟ್ಟಿನಿಂದ ಕೆರೆಯ ತನಕ ಹುಡುಕಿಕೊಂಡೇ ಬಂದರು.

"ಕಂಟ್ರೋಲರ್ ಸಾಹೇಬ್ರ, ನಿಮ್ಮದೇನ್ರಿ ಈ ಭೀಮಪಲಾಸಿ? ನಾ ಅಲ್ಲಿ ಹುಡುಗರಿಗೆ ಭಾಗಾಕಾರ ಹೇಳಾಕತ್ತೀನಿ."

"ಮತ್ತ ನಿಮ್ಮ ಭಾಗಾಕಾರ ನನಗ ಬಂದು ಬಡೀತು, ನಾ ಏನರ ಅಂದೆನೇನು?"

"ಹಾಕೂದು ಹಾಕ್ತೀರಿ, ಒಂದು ವಚನಾನರ ಹಾಕ್ರಿ. ಊಟಾ ಮಾಡಿದವರೆಲ್ಲಾ ಅದನ್ನ ಹೇಳಾಕತ್ತಾರ."

ಎದ್ದು ಮನೆಗೆ ಬಂದೆ. ಬಂದರೆ ಬೀದಿಯೆಲ್ಲ ನೀರು. ಮಾಳಿಗೆಯ ಟಾಕಿ ತುಂಬಿ, ಧೋ ಎಂದು ಅಂಗಳಕ್ಕೆ ಬಿದ್ದು, ಕಲ್ಲವ್ವನ ಕಟ್ಟೆಯ ತನಕ ಹರಿದಿತ್ತು. ಕಲ್ಲವ್ವ ಸೀರೆ ಎತ್ತಿ ಕಟ್ಟಿಕೊಂಡು, "ಕೂಗಿ ಕೂಗಿ ಗಂಟಲ ಹರೀತು, ನಿಮ್ಮಾಕಿ ಓಗೊಡಲಿಲ್ಲ" ಎಂದು ನನ್ನ ಮೇಲೆ ಹರಿಹಾಯ್ದಳು. ಒಳಗೆ ದಾನಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. "ಮೋಟರ ಬಂದ ಮಾಡಾಕ ಏನಾಗಿತ್ತು ನಿನಗ?" ಎಂದು ಎದುರಿಗೆ ನಿಂತು ರೇಗಿದೆ. "ಮರತೆ" ಎಂದಳು. ಅಷ್ಟೇ ಅಂದಳು. ರಾತ್ರಿಯ ಊಟದ ಹೊತ್ತು ಇನ್ನೂ ಆಗಿರಲಿಲ್ಲ, ಆದರೂ ತಟ್ಟೆ ತಂದು ಮುಂದಿಟ್ಟಳು. ತುತ್ತು ಗಂಟಲಲ್ಲಿ ಇಳಿಯುವ ತನಕ ಎದುರಿಗೇ ಕೂತು ನೋಡಿದಳು.

ಹಟ ಅಂದರೆ ನನ್ನದೂ ಕಡಿಮೆಯದಲ್ಲ. ಖಾನಾವಳಿಯಲ್ಲಿ ತಪ್ಪಿದ್ದು ಎಲ್ಲಿ ಎಂದು ಗೊತ್ತಾಗಿತ್ತು. ನನಗೆ ಬೇಕಾದದ್ದು ಬೇರೆ ಒಲೆಯಲ್ಲ, ನನ್ನೊಬ್ಬನದೇ ಒಲೆ. ಅಟ್ಟದಿಂದ ಹಳೆಯ ಬತ್ತಿ ಸ್ಟೋವು ಇಳಿಸಿ, ಬತ್ತಿ ಕತ್ತರಿಸಿ, ಮಾಳಿಗೆಯ ಮೇಲಿನ ಕೋಣೆಯಲ್ಲಿ ಹೂಡಿದೆ. ಒಂದು ಪಾತ್ರೆ, ಸ್ವಲ್ಪ ಅಕ್ಕಿ, ಹೆಸರುಬೇಳೆ.

ದಾನಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ನಮ್ಮೂರಲ್ಲಿ ಒಲೆ ಬೇರೆ ಮಾಡುವುದು ಸಣ್ಣ ಮಾತಲ್ಲ. ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗುವಷ್ಟಾದ ಮೇಲೆ ಮಾಡುವ ಕೆಲಸ ಅದು. "ಯಾವಾಗೂ ಹಿಂಗ ಏನು?" ಎಂದು ಕೇಳಿದಳು.

"ಹಾಡು ಕೇಳೂ ಮಟ ಅಷ್ಟ. ದಿನದಾಗ ಒಂದು ಹೊತ್ತು ಮ್ಯಾಲ ಉಣ್ತೀನಿ, ರಾತ್ರಿ ನಿನ್ನ ಕೈಯಾಗಿಂದ. ಇದರಾಗ ನಿನ್ನ ಗಂಟೇನು ಹೋಗ್ತದ?"

ಅವಳು ಎರಡು ಮೆಟ್ಟಿಲು ಹತ್ತಿದಳು, ಮತ್ತೆ ಇಳಿದಳು. ಆಮೇಲೆ, "ಬೆಂಕಿ ಹುಷಾರು" ಎಂದಳು.

ಕಿಚಡಿ ತಳ ಹಿಡಿಯಿತು. ಇರಲಿ, ನನ್ನ ಸೀದ ಕಿಚಡಿ, ನನ್ನ ಕಿವಿ. ಉಂಡು, ಗೋಡೆಗೊರಗಿ, ಗುಂಡುಗಳನ್ನು ತಿರುಪಿ ಹಾಡು ಹಾಕಿದೆ. ಹೇಗೆ ಹೇಳಲಿ ಅದನ್ನು? ತಂಬೂರಿಯ ನಾಲ್ಕು ತಂತಿಗಳನ್ನೂ ಬೇರೆ ಬೇರೆಯಾಗಿ ಎಣಿಸಬಹುದಿತ್ತು. ತಬಲಾದ ಚರ್ಮದ ಮೇಲೆ ಬೆರಳು ಜಾರಿದ್ದು ಕೇಳುತ್ತಿತ್ತು. ಒಂದು ಆಲಾಪದ ಕೊನೆಗೆ ಆಕೆ ನಿಲ್ಲಿಸಿದಾಗ, ದೂರದಲ್ಲಿ ಯಾರೋ "ಆಹಾ" ಎಂದಿದ್ದರು, ಬಹಳ ಮೆಲ್ಲಗೆ, ಹಾಡು ಕೆಡದ ಹಾಗೆ. ಈ ಗುಂಡುಗಳಿಲ್ಲದಿದ್ದರೆ ಆ "ಆಹಾ" ನನಗೆ ಗೊತ್ತೇ ಆಗುತ್ತಿರಲಿಲ್ಲ. ಯಾರೂ ದಮ್ಮು ಗಿಮ್ಮು ಅನ್ನಲಿಲ್ಲ. ಪೆಟ್ಟಿಯವನನ್ನು ಯಾರೂ ಬೈಯಲಿಲ್ಲ. ನಾನು ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟೆ, ಹೇಳಲು ನಾಚಿಕೆ ಏನು.

ಹೀಗೆಯೇ ಒಂದಷ್ಟು ದಿನ ನಡೆಯಿತು. ಮಧ್ಯಾಹ್ನ ನಾನು ಮೇಲೆ, ಅವಳು ಕೆಳಗೆ. ಸಂಜೆ ಇಳಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿರುತ್ತಿತ್ತು. ಬೇಳೆ ಸೀದಿರುತ್ತಿತ್ತು. ಹಾಲಿನವನು ಗಂಟೆ ಬಾರಿಸಿ ವಾಪಸು ಹೋಗಿರುತ್ತಿದ್ದ. ಮಾದೇವಿಯ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿರುತ್ತಿತ್ತು. "ನಾ ಮ್ಯಾಲ ಹಾಡು ಕೇಳ್ತೀನಿ ಅಂತ ಇದೆಲ್ಲಾ ಬೇಕಂತ ಮಾಡಾಕತ್ತೀಯೇನು?" ಎಂದರೆ ತಲೆ ತಗ್ಗಿಸಿ, "ಕೈ ತಪ್ಪತು" ಎನ್ನುವಳು. ಹಿಂದೆ ಒಂದಕ್ಕೆ ನಾಲ್ಕು ಆಡುತ್ತಿದ್ದ ಹೆಂಗಸು ಈಗ ಇಷ್ಟು ಮೆತ್ತಗಾದದ್ದು ನನಗೆ ಇನ್ನೂ ಸಿಟ್ಟು ತರಿಸುತ್ತಿತ್ತು. ಜಗಳಾಡಿದರೆ ಜಗಳ ಮುಗಿಯುತ್ತದೆ. ಸುಮ್ಮನಿದ್ದರೆ ಏನು ಮಾಡಬೇಕು?

ಆ ದಿನ ಹಾಡು ಮುಗಿದು ಗುಂಡು ತೆಗೆದೆ. ತೆಗೆದ ಕೂಡಲೇ ಕೆಳಗೆ ದಬದಬ ಸದ್ದು. ಯಾರೋ ಬೀದಿ ಬಾಗಿಲು ಮುರಿಯುವ ಹಾಗೆ ಬಡಿಯುತ್ತಿದ್ದರು. "ಗ್ಯಾಸ್! ಗ್ಯಾಸ್! ಯಾರರ ಅದೀರೇನ್ರಿ ಒಳಗ?" ಅದರ ಮೇಲೆ ಕಲ್ಲವ್ವನ ಕೀರಲು ದನಿ: "ದಾನಮ್ಮಾ! ಏ ದಾನಮ್ಮಾ! ಏನಾತ ಈಕಿಗೆ, ಬಿದ್ದ ಗಿದ್ದಾಳೇನು?"

ಮೆಟ್ಟಿಲು ಎರಡೆರಡು ಹಾರಿ ಇಳಿದೆ. ಪಡಸಾಲೆಯಲ್ಲಿ ದಾನಮ್ಮ ಕೂತಿದ್ದಳು. ಬಾಗಿಲಿಗೆ ಬೆನ್ನು, ನನಗೂ ಬೆನ್ನು. ಮುಂದೆ ಮೊರದಲ್ಲಿ ಮೆಂತೆ ಸೊಪ್ಪು, ಎಲೆ ಬಿಡಿಸುತ್ತಿದ್ದಳು. ಬಾಗಿಲು ಅವಳಿಂದ ಒಂದು ಮಾರು ದೂರವಿಲ್ಲ, ಚಿಲಕ ಏಟಿಗೆ ಕುಣಿಯುತ್ತಿತ್ತು. ಅವಳು ತಲೆ ಎತ್ತಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. "ಇದೇನ ಹಟಾ ನಿಂದು? ಮಂದಿ ಬಾಗಲಾ ಮುರ್ಯಾಕತ್ತಾರ, ಎದ್ದು ತಗ್ಯಾಕ ಬರಂಗಿಲ್ಲೇನು? ನಾ ಮ್ಯಾಲ ಒಲಿ ಹೂಡಿದೆ ಅಂತ ಸತ್ಯಾಗ್ರಹ ನಡಿಸೀಯೇನು? ಜೀವನಾ ಪೂರ್ತಿ ಹಾರ್ನ ಕೇಳೀನಿ ನಾ. ಒಂದು ಹಾಡು, ಒಂದ ಒಂದು ಹಾಡು ನಾ ಒಬ್ಬಾಂವ ಕೇಳಿದರ ನಿನ್ನ ಹೊಟ್ಟಿ ಯಾಕ ಉರೀತದ? ನನಗ ನಿನ್ನ ಕಾಟ ಸಾಕಾಗೇತಿ, ಕೇಳಿದೇನು? ಸಾಕಾಗೇತಿ!"

ಅವಳು ಒಂದು ಕಡ್ಡಿ ಎತ್ತಿದಳು, ಎಲೆ ಬಿಡಿಸಿದಳು, ಕಡ್ಡಿಯನ್ನು ಪಕ್ಕಕ್ಕೆ ಹಾಕಿದಳು. ಏನೋ ಗುನುಗುತ್ತಿದ್ದಳು. ಹತ್ತಿರ ಹೋದರೆ ಅದು ಭೀಮಪಲಾಸಿ, ನನ್ನದೇ ಹಾಡು. ಆದರೆ ಅದರಲ್ಲಿ ಶ್ರುತಿ ಎನ್ನುವುದು ಇರಲಿಲ್ಲ. ಪೆಟ್ಟಿಯವನು ಕೂದಲೆಳೆಯಷ್ಟು ತಪ್ಪಿದರೂ ಹಿಡಿದುಕೊಡುತ್ತಿದ್ದ ಹೆಂಗಸು, ಎಲ್ಲಿಂದಲೋ ಎಲ್ಲಿಗೋ ಹೋಗುತ್ತ, ಏನೂ ಗೊತ್ತಾಗದವಳ ಹಾಗೆ ಗುನುಗುತ್ತಿದ್ದಳು. ಬಾಗಿಲಿನ ಮೇಲೆ ಮತ್ತೊಂದು ಏಟು ಬಿತ್ತು. ನಾನೇ ಬೆಚ್ಚಿದೆ. ಅವಳ ಭುಜ ಅಲುಗಲಿಲ್ಲ.

ನನ್ನ ನೆರಳು ಮೊರದ ಮೇಲೆ ಬಿದ್ದಾಗ ತಿರುಗಿದಳು. ಮುಖ ಅರಳಿತು. "ಅಯ್ಯ, ಇಳದ ಬಂದ್ರೇನು? ಇವತ್ತ ಲಗೂನ ಮುಗೀತ ಹಾಡು. ಚಾ ಇಡಲೇನು?" ಎಂದಳು. ಎನ್ನುವಾಗ ಅವಳ ಕಣ್ಣು ನನ್ನ ಕಣ್ಣಿನ ಮೇಲಿರಲಿಲ್ಲ, ನನ್ನ ಬಾಯಿಯ ಮೇಲಿತ್ತು.

ಅಷ್ಟೆಲ್ಲ ಕೂಗಾಡಿದ್ದರಲ್ಲಿ ಒಂದಕ್ಷರವೂ ಅವಳನ್ನು ಮುಟ್ಟಿರಲಿಲ್ಲ. ಅದಕ್ಕೆ ದೇವರಿಗೆ ಕೈ ಮುಗಿಯಬೇಕೋ, ಬೇಡವೋ ತಿಳಿಯಲಿಲ್ಲ. ಬಾಗಿಲು ತೆಗೆದು ಸಿಲಿಂಡರು ಒಳಗಿಡಿಸಿಕೊಂಡೆ. "ಆಕಿ ಆರಾಮ ಅದಾಳೇನು?" ಎಂದು ಕಲ್ಲವ್ವ ಕತ್ತು ಚಾಚಿದಳು. "ಆರಾಮ ಅದಾಳ" ಎಂದು ಬಾಗಿಲು ಹಾಕಿದೆ. ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ತುಟಿ ಚೆನ್ನಾಗಿ ಆಡಿಸಿ ಕೇಳಿದೆ: "ನಿನಗ ಕೇಳಸಂಗಿಲ್ಲೇನು?"

ಅವಳು ಮೆಂತೆಯ ಕಡೆ ನೋಡಿದಳು. "ನೀವು ಮ್ಯಾಲ ಉಂಡ್ರ ನನಗ ಎಲ್ಲಿಂದ ಕೇಳಿಸಬೇಕು?"

ಸೂರ್ಯ ಮುಳುಗಿದರೆ ಕತ್ತಲಾಗುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಯಾವಾಗಿನಿಂದ ಎಂದೆ. ಮಾದೇವಿ ಹುಟ್ಟಿದಾಗ ಬಾಣಂತಿ ಜ್ವರ ಬಂದಿತ್ತಲ್ಲ, ಒಂದು ಕಿವಿ ಆಗ ಹೋಯಿತಂತೆ. "ಇನ್ನೊಂದು ಯಾವಾಗ ಹೋತೋ ನನಗೂ ಗೊತ್ತಿಲ್ಲ. ಮಂದಿ ತುಂಬಿದ ಮನಿ. ಅತ್ತಿ ಕಿವಿ ಇತ್ತು, ಮಾದೇವಿದಿತ್ತು, ನಿಮ್ಮದಿತ್ತು. ಹೋಗಿದ್ದು ತಿಳೀಬೇಕಲ್ಲ?"

"ನನಗ್ಯಾಕ ಹೇಳಲಿಲ್ಲ?"

ಈ ಪ್ರಶ್ನೆಗೆ ಅವಳಿಗೆ ನಿಜವಾಗಿಯೂ ಬೇಸರವಾಯಿತು. "ಹೇಳೂದೇನೈತಿ ಅದರಾಗ? ಕೇಳಸ್ತಿತ್ತಲ್ಲ."

ನನಗೆ ಮೊದಲು ಬಂದದ್ದು ಸಿಟ್ಟೇ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಈ ಹೆಂಗಸು ಒಂದು ಮಾತು ಹೇಳಲಿಲ್ಲವಲ್ಲ ಎಂದು. ಅದರ ಬೆನ್ನಿಗೇ ಹೆದರಿಕೆ ಬಂತು. ಬೀದಿಯಲ್ಲಿ ಲಾರಿ ಬಂದಿದ್ದರೆ? ಗ್ಯಾಸು ಸೋರಿದ್ದರೆ? ಮಾಳಿಗೆಯ ಮೇಲೆ ನಾನು ಯಾರದೋ "ಆಹಾ" ಕೇಳಿ ಕಣ್ಣೀರು ಹಾಕುತ್ತಿದ್ದಾಗ, ಕೆಳಗೆ ಇವಳು ಬಾವಿಯ ತಳದಂಥ ಮನೆಯಲ್ಲಿ ಒಬ್ಬಳೇ ಸೊಪ್ಪು ಬಿಡಿಸುತ್ತಿದ್ದಳು. ಆ ಡಾಕ್ಟರು ಯಾಕೆ ಗಂಟು ಕಟ್ಟಿದ ಎಂದು ಈಗ ತಿಳಿಯಿತು. ನಮ್ಮೂರಲ್ಲಿ ಇನ್ನೆಷ್ಟು ಮನೆಯಲ್ಲಿ ಹೀಗಿದೆಯೋ, ಯಾರ ಕಿವಿಯಲ್ಲಿ ಯಾರು ಬದುಕಿದ್ದಾರೋ.

"ರೊಟ್ಟಿ ಐತೇನು?" ಎಂದೆ.

"ಮುಂಜಾನಿದು ಐತಿ. ಕಟಕಾಗೇತಿ. ಬಿಸಿ ಮಾಡ್ಕೊಡ್ತೀನಿ ತಡೀರಿ."

"ಬ್ಯಾಡ. ಅದನ್ನ ಕೊಡು."

ಹಂಚಿನ ಹಾಗೆ ಒಣಗಿದ ಜೋಳದ ರೊಟ್ಟಿ. ಮುರಿದು ಬಾಯಿಗಿಟ್ಟೆ. ಅವಳು ಎದುರಿಗೆ ಕೂತು ನನ್ನ ದವಡೆಯನ್ನೇ ನೋಡುತ್ತಿದ್ದಳು, ಬಸ್ಸಿಗೆ ಕಾಯುವವರು ರಸ್ತೆಯ ತಿರುವನ್ನು ನೋಡುವ ಹಾಗೆ. ಮೊದಲ ತುತ್ತು ಇಳಿಯಿತು. ಎರಡನೆಯದನ್ನು ಕರಕರ ಅಗಿಯುತ್ತಿದ್ದೆ.

"ಎಷ್ಟ ಸಪ್ಪಳ ಮಾಡ್ತೀರಿ," ಎಂದಳು ದಾನಮ್ಮ. "ಮೆಲ್ಲಕ ತಿನ್ರಿ." ಅಂದವಳೇ ಸೆರಗಿನಿಂದ ಕಣ್ಣೊತ್ತಿಕೊಂಡಳು. ದೂರದಲ್ಲಿ ಒಂದು ಹಾರ್ನು ಕೂಗಿತು. ತಲೆ ಎತ್ತಿ ಕೇಳಿದಳು. "ಘಟ್ಟದ ಕಡೆ ಬಸ್ಸು. ಇವತ್ತೂ ತಡಾ." ನಾನು ನಿವೃತ್ತನಾದ ಮೇಲೆ ಬಸ್‌ಸ್ಟ್ಯಾಂಡಿಗೆ ಶಿಸ್ತೇ ಇಲ್ಲದಾಗಿದೆ, ಅದನ್ನೂ ಹೇಳಿದಳು.

ಬತ್ತಿ ಸ್ಟೋವು ಮತ್ತೆ ಅಟ್ಟಕ್ಕೆ ಹೋಯಿತು. ಆ ಡಾಕ್ಟರು ಈಗ ಯಾವ ಊರಲ್ಲಿದ್ದಾನೆ ಎಂದು ಹುಡುಕಿ, ಹೋಗಿ ತೋರಿಸೋಣ ಎಂದೆ. "ಯಾಕ, ನಿಮ್ಮ ಕಿವಿ ಚೊಲೊ ಅದಾವಲ್ಲ" ಎಂದಳು. ಹೊರಡಿಸುವ ಪ್ರಯತ್ನ ಇನ್ನೂ ನಡೆದಿದೆ, ಆಗುವ ಲಕ್ಷಣ ಕಾಣುವುದಿಲ್ಲ. ಈಗ ನಾನಾಗಿಯೇ ಬೀದಿ ಕಟ್ಟೆಯ ಮೇಲೆ ಕೂರುತ್ತೇನೆ, ನಳದ ಹತ್ತಿರ ಹೋಗುತ್ತೇನೆ, ಕಲ್ಲವ್ವನ ಕಿಟಕಿಯ ಕೆಳಗೂ ನಿಲ್ಲುತ್ತೇನೆ. ಜನ ಏನಾದರೂ ಅಂದುಕೊಳ್ಳಲಿ. ಕಲ್ಲವ್ವ ಅಂದುಕೊಂಡಾಗಿದೆ.

ಉಳಿದದ್ದು ಗುಂಡುಗಳ ಪಾಡು. ಎರಡನ್ನೂ ಹಾಕಿದರೆ ಮನೆ ಬಂದ್. ಅದಕ್ಕೆ ಒಂದೇ ಹಾಕುತ್ತೇನೆ, ಇನ್ನೊಂದು ಅಂಗಿಯ ಮೇಲೆ ಜೋತಾಡುತ್ತಿರುತ್ತದೆ. ದೊಡ್ಡ ದೊಡ್ಡ ಹಾಡುಗಾರರು ಹಾಕಿಕೊಳ್ಳುವ ಮಾಲು, ಅದರ ಅರ್ಧ ನನ್ನ ಗುಂಡಿಯ ಸಂಗೀತ ಕೇಳುತ್ತಿದೆ. ಬಲಗಿವಿಗೆ ಹಾಕಿ ಕೂತೆ. ಆಕೆಯ ದನಿ ಬಂತು, ನಿದ್ದೆಗಣ್ಣಿನ ಪೆಟ್ಟಿ ಬಂತು, ತಬಲಾ ಎಡಗಡೆಯಲ್ಲೇ ಉಳಿಯಿತು. ಆ ತೆರೆದ ಎಡಗಿವಿಯಲ್ಲಿ ಹಾಲಿನವನ ಗಂಟೆ, ಕುಕ್ಕರಿನ ಸೀಟಿ, ನಳದ ಹತ್ತಿರದ ಜಗಳ. ಇಂಥ ತಾಳದ ಮೇಲೆ ಯಾವ ರಾಗ ನಿಲ್ಲುತ್ತದೆ? ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ತಬಲಾ ಎಲ್ಲಿ ಹೋತ್ರಿ?" ಒಳಗಿನಿಂದ ದಾನಮ್ಮ ಕೇಳಿದಳು.

"ನಿನ್ನ ಹಾಲಿನವಗ ಜಾಗಾ ಬಿಟ್ಟು ಹೋತು. ಒಂದ ಕಿವ್ಯಾಗ ಎಷ್ಟ ಅಂತ ತುಂಬ್ಲಿ?"

ಆಮೇಲೆ ಅವಳೇ ಬಾಗಿಲಿಗೆ ಬಂದಳು, ಕೈಯಲ್ಲಿ ಅದೇ ಸೌಟು.

"ಹಂಗಾರ ದಿನಾ ಒಂದೊಂದು ಕಡೆ ಹಾಕ್ಕೋರಿ," ಎಂದಳು. "ಒಂದಿನ ಪೆಟ್ಟಿ ಆಗಲಿ, ಒಂದಿನ ತಬಲಾ. ನಾ ಆ ತಬಲಾ ಬಾರಸಾಂವನ್ನ ಬಿಟ್ಟ ಇರಾಕ ಒಲ್ಲೆ."

ಹಾಗೆಯೇ ಮಾಡುತ್ತಿದ್ದೇನೆ. ಇವತ್ತು ತಬಲಾದ ದಿನ. ಉಂಡು, ಎಡಗಿವಿಗೆ ಹಾಕಿ ಕಟ್ಟೆಯ ಮೇಲೆ ಕೂತಿದ್ದೇನೆ, ಬಲಗಿವಿಗೆ ಬೀದಿ ಬಿಟ್ಟಿದ್ದೇನೆ. ಅಡುಗೆಮನೆಯಲ್ಲಿ ಅವಳು ಮತ್ತೆ ಗುನುಗುತ್ತಿದ್ದಾಳೆ. ತಾನು ಗುನುಗಿದ್ದು ನನ್ನ ಕಿವಿಯಿಂದ ಅವಳಿಗೆ ಕೇಳುತ್ತಿರಬೇಕು, ಯಾಕೆಂದರೆ ಶ್ರುತಿ ಸರಿಯಾಗಿದೆ.